ಹತ್ತನೆಯ ಮಣಿ

ಮಾರ್ಚ್ 5, ಬುಧವಾರ

ಇದು ಕಲ್ಲು ಕ್ವಾರಿಯ ಬ್ಲಾಸ್ಟಿಂಗ್ ರಿಜಿಸ್ಟರು. ತುಂಬಿದ ರಿಜಿಸ್ಟರನ್ನು ಮ್ಯಾನೇಜರ್ ಗವಿಸಿದ್ದಪ್ಪ ವಿಚಾರಣೆಗೆಂದು ತೆಗೆದಿಟ್ಟುಕೊಂಡರು. ಖಾಲಿ ಇದ್ದ ಇದನ್ನು ಯಾರೂ ಕೇಳಲಿಲ್ಲ, ನನ್ನ ಚೀಲದಲ್ಲೇ ಉಳಿಯಿತು. ಪ್ರತಿ ಹಾಳೆಯಲ್ಲೂ ಮೂರು ಮನೆಗಳಿವೆ. ಮದ್ದು ತುಂಬಿದ ಕುಳಿ ಎಷ್ಟು, ಕೇಳಿಸಿದ ಸದ್ದು ಎಷ್ಟು, ಸಿಡಿಯದೆ ಉಳಿದದ್ದು ಎಷ್ಟು. ಹತ್ತೊಂಬತ್ತು ವರ್ಷ ಈ ಮನೆಗಳನ್ನು ತುಂಬಿದ್ದೇನೆ. ಈಗ ಗೆರೆ ಲೆಕ್ಕಿಸದೆ ಬರೆಯುತ್ತಿದ್ದೇನೆ. ಹಗಲು ಉದ್ದವಾಗಿದೆ. ಮನೆಯಲ್ಲಿ ಬಾಯಿ ತೆರೆದರೆ ಜಗಳವಾಗುತ್ತದೆ.

ಇವತ್ತು ಬೂದಿ ಬುಧವಾರ. ಹೆಂಡತಿ ಆರೋಗ್ಯಮ್ಮನ ಕಾಟಕ್ಕೆ ಚರ್ಚಿಗೆ ಹೋದೆ. ಫಾದರ್ ಹಣೆಗೆ ಬೂದಿ ಹಚ್ಚಿದರು. ಅಷ್ಟಕ್ಕೇ ಬಿಡಲಿಲ್ಲ. ಪ್ರಸಂಗದಲ್ಲಿ ನನ್ನ ಹೆಸರು ತೆಗೆದರು.

“ನಮ್ಮ ಇನ್ನಾಸಪ್ಪನವರನ್ನು ನೋಡಿ. ನಾಲ್ಕು ಹೆಜ್ಜೆ ದೂರದಲ್ಲಿ ಬಂಡೆ ಸಿಡಿಯಿತು. ಮೈಮೇಲೆ ಒಂದು ಗೀರಿಲ್ಲ. ದೇವರು ಒಬ್ಬ ಮನುಷ್ಯನನ್ನು ಹೀಗೆ ಉಳಿಸಿದರೆ ಅದಕ್ಕೊಂದು ಉದ್ದೇಶ ಇದ್ದೇ ಇರುತ್ತದೆ.”

ಎಲ್ಲರೂ ತಿರುಗಿ ನೋಡಿದರು. ಮುಂದಿನ ಬೆಂಚಿನ ಹೆಂಗಸೊಬ್ಬಳು ಕೈ ಮುಗಿದಳು, ನನಗೆ.

ಅದೇ ಬಂಡೆ, ಅದರ ಮೇಲೆ ಡ್ರಿಲ್ ಹಿಡಿದಿದ್ದ ಹುಲುಗೇಶನ ಎರಡೂ ಕಣ್ಣು ತೆಗೆಯಿತು. ಅವನ ಹೆಸರನ್ನು ಫಾದರ್ ಹೇಳಲಿಲ್ಲ. ಅವನು ನಮ್ಮ ಚರ್ಚಿನವನಲ್ಲ. ಅವನ ಕಣ್ಣಿನ ಉದ್ದೇಶ ಏನಿತ್ತು ಎಂದು ಎದ್ದು ಕೇಳಬೇಕೆನಿಸಿತು. ಕೇಳಲಿಲ್ಲ. ಹೊರಗೆ ಬಂದು ನಲ್ಲಿಯ ನೀರಿನಲ್ಲಿ ಹಣೆ ತೊಳೆದುಕೊಂಡೆ.

ಮಾರ್ಚ್ 7, ಶುಕ್ರವಾರ

ನಡೆದದ್ದನ್ನು ಒಮ್ಮೆ ಸರಿಯಾಗಿ ಬರೆದಿಡುತ್ತೇನೆ. ಏಪ್ರಿಲ್ ಹದಿನೈದಕ್ಕೆ ಗಣಿ ಸುರಕ್ಷತೆಯ ಆಫೀಸರು ವಿಚಾರಣೆಗೆ ಬರುತ್ತಾರೆ. ಅಲ್ಲಿಯವರೆಗೆ ಕ್ವಾರಿ ಬಂದ್, ನನಗೆ ರಜೆ.

ಜನವರಿ ಹದಿನೆಂಟು, ಶನಿವಾರ ಸಂಜೆ. ಹತ್ತು ಕುಳಿಗೆ ಮದ್ದು ತುಂಬಿದೆ. ಸೈರನ್ ಊದಿಸಿ, ಕೆಂಪು ಬಾವುಟ ಏರಿಸಿ, ಬತ್ತಿ ಹಚ್ಚಿ, ಮರೆಗೆ ಹೋಗಿ ನಿಂತೆ. ಹತ್ತು ಸದ್ದಾದವು. ಒಂದು ಕಡಿಮೆಯಾಗಿದ್ದರೆ ಯಾರನ್ನೂ ಒಳಗೆ ಬಿಡಬಾರದು. ಸಿಡಿಯದ ಕುಳಿಯನ್ನು ಹುಡುಕಿ ಮೊದಲು ಅದರ ಕೆಲಸ ಮುಗಿಸಬೇಕು. ಕಡಿಮೆಯಾಗಲಿಲ್ಲ. ಹತ್ತು ಎಂದು ಬರೆದು ಸಹಿ ಹಾಕಿದೆ. ಸೋಮವಾರ ಬೆಳಿಗ್ಗೆ ಹುಲುಗೇಶ್ ಅದೇ ಬಂಡೆಯ ಮೇಲೆ ಡ್ರಿಲ್ ಇಟ್ಟ. ಬಂಡೆ ಸಿಡಿಯಿತು.

ಸಿಡಿದ ಕುಳಿಯ ತಳದಲ್ಲಿ ಒಮ್ಮೊಮ್ಮೆ ಚೂರು ಮದ್ದು ಉಳಿದಿರುತ್ತದೆ. ಶ್ರಮ ಉಳಿಸಲು ಅವನು ಹಳೆಯ ಕುಳಿಗೇ ಡ್ರಿಲ್ ಹಚ್ಚಿದ್ದಾನೆ ಎಂದು ಗವಿಸಿದ್ದಪ್ಪ ಹೇಳುತ್ತಾರೆ, ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಬರೆದುಕೊಟ್ಟಿದ್ದೇನೆ.

ನನ್ನ ಎಣಿಕೆ ತಪ್ಪುವುದಿಲ್ಲ. ಕಿವಿಯನ್ನು ನಂಬಿದವರು ಮೋಸ ಹೋಗುತ್ತಾರೆ, ಎದುರಿನ ಗುಡ್ಡ ಒಂದನ್ನು ಎರಡು ಮಾಡಿ ಹೇಳುತ್ತದೆ. ನಾನು ಜೇಬಿನಲ್ಲಿ ಜಪಸರ ಹಿಡಿದಿರುತ್ತೇನೆ. ಸರದ ಪದಕದಿಂದ ಶುರು. ಎದೆಗೆ ಬಡಿದ ಒಂದೊಂದು ಸದ್ದಿಗೆ ಒಂದೊಂದು ಸಣ್ಣ ಮಣಿ. ಬಾಯಲ್ಲಿ ನಮೋ ಮರಿಯಾ. ಹತ್ತು ಸಣ್ಣ ಮಣಿ ದಾಟಿದ ಮೇಲೆ ಮುಂದಿನ ದೊಡ್ಡ ಮಣಿ ಬೆರಳಿಗೆ ತಾಗುತ್ತದೆ. ಅದಕ್ಕೇ ಒಂದು ಸಲಕ್ಕೆ ಹತ್ತೇ ಕುಳಿ ತುಂಬುತ್ತಿದ್ದೆ. “ಇನ್ನಾಸಣ್ಣ ಮದ್ದಿನ ಕೈಲೂ ಜಪ ಮಾಡಿಸ್ತಾನ” ಎಂದು ಕ್ವಾರಿಯವರು ನಗುತ್ತಿದ್ದರು. ಆ ಶನಿವಾರವೂ ದೊಡ್ಡ ಮಣಿ ತಾಗಿತು. ಚೆನ್ನಾಗಿ ನೆನಪಿದೆ.

ಇನ್ನೊಂದು. ಸೋಮವಾರ ನಾನು ಹುಲುಗೇಶನ ಬೆನ್ನ ಹಿಂದೆ ನಿಂತಿದ್ದೆ. ನನಗೆ ಬರಬೇಕಾದ ಕಲ್ಲಿಗೆ ಅವನ ಮೈ ಅಡ್ಡವಾಯಿತು. ಫಾದರಿಗೆ ಇದನ್ನು ಯಾರೂ ಹೇಳಿಲ್ಲ.

ಮಾರ್ಚ್ 8, ಶನಿವಾರ

ಗವಿಸಿದ್ದಪ್ಪ ಫೋನ್ ಮಾಡಿ, ಹುಲುಗೇಶನ ಹೆಲ್ಮೆಟ್ಟು ಮತ್ತು ಬುತ್ತಿ ಡಬ್ಬಿ ಆಫೀಸಿನಲ್ಲಿ ಬಿದ್ದಿವೆ, ಕೊಟ್ಟು ಬನ್ನಿ ಎಂದರು. ತಾವು ಹೋಗಲು ಅವರಿಗೆ ಮುಖವಿಲ್ಲ. ನನಗಿದೆಯೇನು? ಆದರೂ ಹೋದೆ.

ಚಿತ್ತವಾಡ್ಗಿಯಲ್ಲಿ, ಕಾಲುವೆಗೆ ಹತ್ತಿರ, ತಗಡಿನ ಮನೆ. ಅವನ ತಾಯಿ ಭೀಮವ್ವ ಹೊರಗೆ ಕೂತು ಅಕ್ಕಿ ಆರಿಸುತ್ತಿದ್ದಳು.

“ಬರ್ರಿ ಅಣ್ಣಾರ, ಕುಂದ್ರಿ. ನಮ್ ಹುಡುಗನ ತಪ್ಪಿನಿಂದ ನಿಮಗೂ ತ್ರಾಸ ಆತು. ಮನಸಿಗೆ ಹಚ್ಕೋಬ್ಯಾಡ್ರಿ.”

ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹುಲುಗೇಶ್ ಒಳಗೆ ಗೋಡೆಗೆ ಒರಗಿ ಕೂತಿದ್ದ. ಕಪ್ಪು ಕನ್ನಡಕ. ಗಲ್ಲದ ಮೇಲೆಲ್ಲ ಕಲ್ಲಿನ ಹುಡಿ ಚರ್ಮದೊಳಗೇ ಉಳಿದು ನೀಲಿಯಾಗಿದೆ.

“ಇನ್ನಾಸಣ್ಣ ಏನ್ರಿ? ಮೈಗೆ ಮದ್ದಿನ ವಾಸನಿ ಇಲ್ಲಲ್ರಿ.”

“ರಜಾದಾಗ ಅದೀನಿ.”

“ಹೂಂ. ನನ್ನಿಂದ.” ಡಬ್ಬಿಯನ್ನು ಕೈಯಲ್ಲಿ ತಿರುಗಿಸಿದ. “ಹಳೆ ಕುಳಿಗೆ ಯಾಕ ಹಚ್ಚಿದ್ನೋ ನಂಗೇ ತಿಳಿವಲ್ದು. ಹನ್ನೊಂದು ವರ್ಷದಾಗ ಒಮ್ಮಿ ಹಚ್ಚಿಲ್ಲ. ನೆನಪs ಇಲ್ರಿ ಆ ಮುಂಜಾನಿದು. ಎಲ್ಲಾರೂ ಅಂತಾರ, ಹಚ್ಚೀರಬೇಕು.”

ಹೌದು ಎಂದೆ. ಎದ್ದು ಬಂದೆ. ದಾರಿಯಲ್ಲಿ ಅವನ ಮೇಲೂ ಸಿಟ್ಟು ಬಂತು. ಯಾಕೆ ಹಚ್ಚಿದೆ?

ಮಾರ್ಚ್ 11, ಮಂಗಳವಾರ

ಮತ್ತೆ ಹೋಗಿದ್ದೆ. ಚಾರ್ಜರ್ ಮರೆತು ಬಂದಿದ್ದೆ ಎಂದು ಹೇಳಿದೆ. ಮರೆತಿರಲಿಲ್ಲ.

ಭೀಮವ್ವ ಅವನನ್ನು ಕೈಹಿಡಿದು ಕಾಲುವೆಯ ಕಡೆಯಿಂದ ಕರೆದುಕೊಂಡು ಬರುತ್ತಿದ್ದಳು. ಅವನು ತಲೆ ತಗ್ಗಿಸಿದ್ದ.

“ಮೂವತ್ನಾಕು ವರ್ಷದಾಂವ ನಾನು. ಅವ್ವ ಚಂಬು ಹಿಡಕೊಂಡು ನನ್ ಹಿಂದ. ನೀವು ನಕ್ಕಿಲ್ಲ ಅಲ್ರಿ?”

“ಇಲ್ಲೋ.”

“ಯಾರೋ ನಕ್ಕಂಗಾತು.”

ನಾನು ಹೊಸ್ತಿಲಿನಿಂದ ಕಾಲುವೆಯ ಮೆಟ್ಟಿಲಿನವರೆಗೆ ಹೆಜ್ಜೆ ಎಣಿಸಿಕೊಂಡು ಹೋದೆ. ಇನ್ನೂರ ಹದಿನಾರು. ವಾಪಸು ಬಂದು ಅವನಿಗೆ ಹೇಳಿದೆ. ನಾನು ಎಣಿಸುತ್ತೇನೆ, ನೀನು ನಡೆ, ಹತ್ತು ಸಲ ನಡೆದರೆ ಕಾಲಿಗೆ ಗೊತ್ತಾಗುತ್ತದೆ. ಅವನ ಹೆಜ್ಜೆ ಈಗ ಚಿಕ್ಕದು. ಇನ್ನೂರ ಅರವತ್ತಾದವು. ನೂರ ಹನ್ನೆರಡಕ್ಕೆ ಬಲಕ್ಕೆ ತಿರುವು, ಅಲ್ಲೊಂದು ವಿದ್ಯುತ್ ಕಂಬ. ಎರಡು ಸಲ ಹೋಗಿ ಬಂದೆವು. ಅವನು ಕಂಬಕ್ಕೆ ಭುಜ ತಾಗಿಸಿಕೊಂಡ.

ಇದರಿಂದ ಏನೂ ಸರಿಯಾಗುವುದಿಲ್ಲ.

ಮಾರ್ಚ್ 16, ಭಾನುವಾರ

ಪೂಜೆ ಮುಗಿದ ಮೇಲೆ ಫಾದರ್ ನಿಲ್ಲಿಸಿದರು. ಪವಿತ್ರ ಗುರುವಾರ ತಾವು ಪಾದ ತೊಳೆಯುವ ವಿಧಿಗೆ ಹನ್ನೆರಡು ಜನರ ಪಟ್ಟಿ ಮಾಡುತ್ತಿದ್ದಾರಂತೆ. ನಾನು ಕೂರಬೇಕಂತೆ.

“ಬೇರೆಯವರ ಕಾಲು ನೋಡಿಕೊಳ್ಳಿ” ಎಂದೆ.

“ಯಾಕೆ ಇಷ್ಟು ಸಿಟ್ಟು, ಇನ್ನಾಸಪ್ಪನವರೇ? ದೇವರ ಮೇಲೆ ಇದ್ದರೆ ದೇವರಿಗೇ ಹೇಳಿ.”

“ಅವನ ಜೊತೆ ಮಾತು ಬಿಟ್ಟಿದ್ದೇನೆ.”

ಅವರು ಮಂಗಳೂರು ಕಡೆಯವರು, ಇನ್ನೂ ಹರೆಯ. ನಕ್ಕರು. “ಮಾತು ಬಿಡಬೇಕಾದರೂ ಪರಿಚಯ ಬೇಕಲ್ಲ” ಎಂದರು. ಈ ಜನಕ್ಕೆ ಎಲ್ಲದಕ್ಕೂ ಒಂದು ಉತ್ತರ ತಯಾರಿರುತ್ತದೆ. ಜನವರಿ ಇಪ್ಪತ್ತರಿಂದ ನಾನು ಒಂದು ಜಪವನ್ನೂ ಹೇಳಿಲ್ಲ. ಜಪಸರ ಜೇಬಿನಲ್ಲಿದೆ. ಅಭ್ಯಾಸಕ್ಕೆ ಇದೆ, ಬೀಗದ ಕೈ ಇದ್ದ ಹಾಗೆ.

ಮಾರ್ಚ್ 19, ಬುಧವಾರ

ಅವನು ಕಂಬದವರೆಗೆ ಒಬ್ಬನೇ ಹೋದ. ನಾನು ಹಿಂದೆ ನಿಂತು ಎಣಿಸಿದೆ ಅಷ್ಟೆ.

ಮಾರ್ಚ್ 22, ಶನಿವಾರ

ಆರೋಗ್ಯಮ್ಮ ಕೇಳಿದಳು, ದಿನಾ ಸಂಜೆ ಎಲ್ಲಿಗೆ ಹೋಗ್ತೀರಿ. ಹೇಳಿದೆ. “ಚಲೋ ಮಾಡ್ತೀರಿ, ದೇವರು ಮೆಚ್ಚೂ ಕೆಲಸ” ಎಂದಳು. ನಾನು ತಟ್ಟೆ ಸರಿಸಿ ಎದ್ದೆ. ಯಾರ ಮೆಚ್ಚುಗೆಯೂ ಬೇಡ. ಹೋಗದಿದ್ದರೆ ಅವನು ಗೋಡೆಗೆ ಒರಗಿ ಕೂತೇ ಇರುತ್ತಾನೆ. ಬೇರೆ ಕಾರಣವಿಲ್ಲ.

ಮಾರ್ಚ್ 27, ಗುರುವಾರ

ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಕಾಲುವೆಯ ಮೆಟ್ಟಿಲ ಮೇಲೆ ಕೂತಿದ್ದೆವು. ಮಂಡಕ್ಕಿ ಕಟ್ಟಿಸಿಕೊಂಡು ಹೋಗಿದ್ದೆ. ಜೊತೆಗೆ ಮಿರ್ಚಿ. ಅವನು ಮಿರ್ಚಿಯನ್ನು ಮುಟ್ಟಿಯೇ, ಇದು ಇವತ್ತಿನ ಎಣ್ಣೆಯದಲ್ಲ ಎಂದ. ಈಗ ಅವನಿಗೆ ಅದೊಂದು ಆಟ. ನಾಣ್ಯ, ಎಲೆ, ಯಾವುದೋ ಗುಂಡಿ, ಏನು ಕೊಟ್ಟರೂ ಬೆರಳಲ್ಲಿ ಓದುತ್ತಾನೆ. ನಾನು ಜೇಬಿನಿಂದ ಕರವಸ್ತ್ರ ತೆಗೆಯುವಾಗ ಜಪಸರದ ಸದ್ದಾಯಿತು.

“ಏನ್ರಿ ಅದು? ನಿಮ್ಮ ಮದ್ದಿನ ಮಾಲಿ ಏನು? ಕೊಡ್ರಿಲ್ಲಿ.”

ಕೊಟ್ಟೆ. ಶಿಲುಬೆಯನ್ನು ಸವರಿದ. ಪದಕವನ್ನು ಸವರಿದ. ಆಮೇಲೆ ಒಂದೊಂದೇ ಮಣಿ ದಾಟಿಸತೊಡಗಿದ, ತುಟಿ ಅಲ್ಲಾಡಿಸುತ್ತ.

“ಹತ್ತ ಹತ್ತು ಅಂತಿದ್ರಲ್ರಿ? ಇಲ್ಲಿ ಹತ್ತು ಅದಾವ. ಇದೂ ಹತ್ತು. ಈ ಪದಕದ ಮಗ್ಗುಲಿಂದು, ಮೊದಲಿಂದು, ಒಂಬತ್ತs ಅದಾವ.” ನಕ್ಕ. “ದೇವರಿಗೂ ತೂಕದಾಗ ಹೊಡೀತೀರಿ ನೀವು.”

ಕಿತ್ತುಕೊಂಡೆ. ಎಣಿಸಿದೆ. ಒಂಬತ್ತು. ಮತ್ತೆ ಎಣಿಸಿದೆ.

ಪದಕದ ಪಕ್ಕದ ಸಾಲು. ಹತ್ತೊಂಬತ್ತು ವರ್ಷ ನನ್ನ ಬೆರಳು ಶುರು ಮಾಡುವುದು ಅಲ್ಲಿಂದಲೇ.

“ಯಾಕ ಸುಮ್ಮನಾದ್ರಿ? ಚ್ಯಾಷ್ಟಿ ಮಾಡಿದೆ, ಸಿಟ್ಟಾಗಬ್ಯಾಡ್ರಿ.”

ಸಿಟ್ಟಿಲ್ಲ ಎಂದೆ. ಮನೆಗೆ ಬಿಟ್ಟು ಬಂದೆ. ಬರುವಾಗ ಹೆಜ್ಜೆ ಎಣಿಸುವುದನ್ನು ಮರೆತೆ. ಅವನೇ ಎಣಿಸಿಕೊಂಡ.

ಮಾರ್ಚ್ 28, ಶುಕ್ರವಾರ

ಜನವರಿಯಲ್ಲಿ ಜಪಸರದ ದಾರ ಹರಿದಿತ್ತು. ಮರೆತೇಹೋಗಿತ್ತು. ಆರೋಗ್ಯಮ್ಮ ಪೋಣಿಸಿಕೊಟ್ಟಿದ್ದಳು. ಯಾವಾಗ ಎಂದು ಕೇಳಿದೆ.

“ಸಂಕ್ರಾಂತಿ ಆದ ಮ್ಯಾಲೆ. ಶುಕ್ರವಾರ. ಯಾಕ್ರಿ?”

ಮಾರನೆಯ ದಿನ ಶನಿವಾರ. ಹದಿನೆಂಟು.

“ಎಲ್ಲ ಮಣಿ ಹಾಕಿದ್ಯಾ?”

“ಒಂದು ಎಲ್ಲಿ ಉರುಳಿತೋ, ಸಿಗಲಿಲ್ಲ. ಒಂದು ಸಾಲಿನ್ಯಾಗ ಒಂಬತ್ತು ಹಾಕಿ ಗಂಟು ಹಾಕಿದೆ. ಹೇಳೂಣು ಅಂದ್ರ ನೀವು ಆಗಲೇ ಜೇಬಿಗೆ ಇಟ್ಕೊಂಡು ಹೊಂಟಿದ್ರಿ. ಒಂದು ಮಣಿ ತಾನ? ಮಾತೆ ಕುಂತು ಎಣಿಸ್ತಾಳೇನು?”

ಅವಳಿಗೆ ಗೊತ್ತಿಲ್ಲ. ನಾನು ಕ್ವಾರಿಯಲ್ಲಿ ಅದರಿಂದ ಎಣಿಸುತ್ತೇನೆ ಎಂದು ಅವಳಿಗೆ ಯಾವತ್ತೂ ಹೇಳಿಲ್ಲ. ದೇವಮಾತೆಯ ಸರವನ್ನು ಅದಕ್ಕೆ ಬಳಸುವುದೇ ಎಂದು ಬೈಯುತ್ತಾಳೆಂದು. “ಸುಮ್ಮನ ಕೇಳಿದೆ” ಎಂದೆ.

ಮಾರ್ಚ್ 29, ಶನಿವಾರ

ಕುಳಿ: 10. ಸದ್ದು: 9. ಉಳಿದದ್ದು: 1.

ಮೊದಲ ಸಲ ಈ ರಿಜಿಸ್ಟರಿನ ಮನೆಗಳನ್ನು ತುಂಬುತ್ತಿದ್ದೇನೆ. ಹುಲುಗೇಶ್ ಹಳೆಯ ಕುಳಿಗೆ ಡ್ರಿಲ್ ಹಚ್ಚಿರಲಿಲ್ಲ. ನಾನು ಬಿಟ್ಟುಹೋದ ತುಂಬಿದ ಕುಳಿ ಪುಡಿಕಲ್ಲಿನ ಕೆಳಗೆ ಇತ್ತು. ಅವನು ನನ್ನ ಸಹಿಯನ್ನು ನಂಬಿ ಹೊಸ ಜಾಗದಲ್ಲಿ ಡ್ರಿಲ್ ಇಟ್ಟ.

ಈಗ ಹೇಳು, ದೇವರೇ. ನಾನು ಕುಡಿದು ಎಣಿಸಿದ್ದರೆ, ಬೀಡಿ ಸೇದುತ್ತ ಎಣಿಸಿದ್ದರೆ, ಒಪ್ಪಿಕೊಳ್ಳುತ್ತಿದ್ದೆ. ನಾನು ನಿನ್ನ ಜಪ ಹೇಳುತ್ತ ಎಣಿಸಿದೆ. ಒಂಬತ್ತನೆಯ ಸದ್ದಿಗೆ ನಿನ್ನ ದೊಡ್ಡ ಮಣಿ ನನ್ನ ಬೆರಳಿಗೆ ಬಂತು. ನೀನು ಅಲ್ಲಿದ್ದೆ ಎಂದು ಹೇಳುತ್ತಾರೆ. ಇದ್ದರೆ ನಿನಗೆ ಎಣಿಕೆ ಬರುವುದಿಲ್ಲವೇ? ತಲೆಗೂದಲನ್ನೂ ಎಣಿಸಿದವನಂತೆ ನೀನು. ಹತ್ತು ಕುಳಿ ಎಣಿಸಲಾಗಲಿಲ್ಲ. ಒಂದು ಕೆಮ್ಮು ಬರಿಸಬಹುದಿತ್ತು. ಆರೋಗ್ಯಮ್ಮನ ಬಾಯಿಂದ ಬಾಗಿಲಲ್ಲಿ ಒಂದು ಮಾತು ಹೊರಡಿಸಬಹುದಿತ್ತು. ಅವಳು ಹೇಳೋಣ ಎಂದುಕೊಂಡಿದ್ದಳು. ನೀನು ನನ್ನನ್ನು ಅವಸರಿಸಿ ಹೊರಡಿಸಿದೆ. ಇಲ್ಲ, ಅವಸರ ನನ್ನದೇ. ಆದರೂ.

ನನ್ನ ಪ್ರಶ್ನೆಗೆ ಉತ್ತರ ಕೊಡದೆ ನೀನು ತಪ್ಪಿಸಿಕೊಳ್ಳುವ ಹಾಗಿಲ್ಲ. ದಿನಾ ಕೇಳುತ್ತೇನೆ.

ಮಾರ್ಚ್ 30, ಭಾನುವಾರ

ಯುಗಾದಿ. ಹೇಳಿಬಿಡಬೇಕೆಂದು ಹೋದೆ. ಭೀಮವ್ವ ಬೇವು ಬೆಲ್ಲ ತಂದು ಕೈಗೆ ಹಾಕಿದಳು. “ನೀವು ಮನಿ ಮನುಷ್ಯಾ ಆಗೀರಿ ಈಗ” ಎಂದಳು. ಹುಲುಗೇಶ್ ಹೊಸ ಅಂಗಿ ಹಾಕಿಕೊಂಡಿದ್ದ. ಯಾವ ಬಣ್ಣ ಎಂದು ನನ್ನನ್ನು ಕೇಳಿದ. ಅವ್ವ ನೀಲಿ ಎಂದಿದ್ದಾಳೆ, ಆಕೆ ಸುಳ್ಳು ಹೇಳುತ್ತಾಳೆ, ನೀವು ಹೇಳಿ ಎಂದ. ನೀಲಿಯೇ ಇತ್ತು. ಹೇಳಿದೆ. ನಂಬಿದ.

ಬೇರೆ ಏನನ್ನೂ ಹೇಳಲಿಲ್ಲ. ಬೇವು ಸಂಜೆಯವರೆಗೂ ನಾಲಿಗೆಯ ಮೇಲಿತ್ತು. ನೋಡಿದೆಯಲ್ಲ ನೀನು.

ಏಪ್ರಿಲ್ 4, ಶುಕ್ರವಾರ

ಪಾಪನಿವೇದನೆಗೆ ಹೋದೆ. ಪಶ್ಚಾತ್ತಾಪಕ್ಕಲ್ಲ. ಯಾರಿಗಾದರೂ ಹೇಳದೆ ಇರಲಾಗಲಿಲ್ಲ, ಅಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ. ಎಲ್ಲ ಹೇಳಿದೆ. ಜಾಲರಿಯ ಆಚೆ ಫಾದರ್ ಅವರ ಕುರ್ಚಿ ಕಿರುಗುಟ್ಟಿತು.

“ಅವರಿಗೆ ಗೊತ್ತಾ?”

“ಇಲ್ಲ.”

“ಬೂದಿ ಬುಧವಾರ ನಿಮ್ಮ ಹೆಸರು ತೆಗೆದೆ. ತಪ್ಪಾಯಿತು ನನ್ನಿಂದ.”

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಇನ್ನಷ್ಟು ಸಿಟ್ಟು ಬಂತು. ಉದ್ದೇಶದ ವಿಷಯ ಎತ್ತುತ್ತಾರೆಂದು ಕಾದಿದ್ದೆ, ಅದಕ್ಕೆ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡು ಹೋಗಿದ್ದೆ. ಎತ್ತಲಿಲ್ಲ.

“ಪ್ರಾಯಶ್ಚಿತ್ತ?” ಎಂದೆ.

“ದಿನಾ ಅವರ ಮನೆಗೆ ಹೋಗ್ತೀರಿ ಅಂದ್ರಲ್ಲ. ಏನೇ ಆದರೂ ಅದನ್ನು ನೀವಾಗಿ ನಿಲ್ಲಿಸಬೇಡಿ. ಅದೇ.”

“ಹೇಳಬೇಕಾ ಅವನಿಗೆ?”

“ನಾನು ಹೇಳಿ ಅಂದ್ರೆ ನನ್ನ ಮಾತಿಗೆ ಹೇಳಿದ ಹಾಗಾಗ್ತದೆ.”

ಹತ್ತು ಜಪಸರ ಹೇಳು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೀನು ಕಳಿಸುವ ಜನ ಯಾವತ್ತೂ ಮುಗಿಯುವ ಕೆಲಸ ಕೊಡುವುದಿಲ್ಲ.

ಏಪ್ರಿಲ್ 8, ಮಂಗಳವಾರ

ಗವಿಸಿದ್ದಪ್ಪ ಸಂಡೂರು ರಸ್ತೆಯ ಚಹದಂಗಡಿಗೆ ಕರೆಸಿದರು. ಅವರಿಗೆ ಪೂರ್ತಿ ಹೇಳಲಿಲ್ಲ. ನನ್ನ ಎಣಿಕೆಯಲ್ಲಿ ಅನುಮಾನವಿದೆ ಎಂದೆ, ಅಷ್ಟೆ.

“ಇನ್ನಾಸಪ್ಪ, ಅನುಮಾನ ನಿಮ್ಮ ಹೊಟ್ಯಾಗ ಇರ್ಲಿ. ನಿಮ್ಮ ಮದ್ದು ಹಾರಿಸೂ ಸರ್ಟಿಫಿಕೇಟ್ ರದ್ದು ಮಾಡ್ತಾರ. ಈ ವಯಸ್ಸಿನ್ಯಾಗ ಬ್ಯಾರೆ ಯಾವ ಕೆಲಸ ಬರ್ತೈತಿ ನಿಮಗ? ನೀವು ತಪ್ಪು ಒಪ್ಪಿದ್ರ ಅವಂಗ ಕಣ್ಣು ಬರ್ತಾವೇನು?”

“ಬರೋದಿಲ್ಲ.”

“ಮತ್ತ?”

“ಅಂವ ತಾನs ಮಾಡೀನಿ ಅಂತ ತಿಳ್ಕೊಂಡಾನ.”

“ತಿಳ್ಕೊಂಡು ಗಟ್ಟಿ ಆಗ್ಯಾನ ಈಗ. ಮತ್ಯಾಕ ಕೆದಕ್ತೀರಿ?”

ಕೆಟ್ಟ ಮನುಷ್ಯನಲ್ಲ. ಆಸ್ಪತ್ರೆಯಲ್ಲಿ ಮೂರು ದಿನ ಹುಲುಗೇಶನ ಪಕ್ಕದಲ್ಲೇ ಇದ್ದವರು. ಚಹ ಮುಗಿಯುವವರೆಗೆ ಅವರ ಮಾತೇ ಸರಿ ಎನಿಸಿತು. ಸಂಜೆ ಚಿತ್ತವಾಡ್ಗಿಗೆ ಹೋದೆ. ಹುಲುಗೇಶ್ ಒಬ್ಬನೇ ಕಾಲುವೆಯವರೆಗೆ ನಡೆದ. ಮೆಟ್ಟಿಲು ಸಿಕ್ಕ ಕೂಡಲೇ, “ಹಳೆ ಕುಳಿಗೆ ಹಚ್ಚಿದ ಮಗ ಇವತ್ತು ಕಾಲುವಿ ಮುಟ್ಟಿದ ನೋಡ್ರಿ” ಎಂದ. ಹೊಸದಾಗಿ ಕಲಿತ ಬೈಗುಳ. ಏನು ತಪ್ಪಿದರೂ ತನ್ನನ್ನು ಹಾಗೇ ಕರೆದುಕೊಳ್ಳುತ್ತಾನೆ.

ಗಟ್ಟಿಯಾಗಿಲ್ಲ ಅವನು. ಗವಿಸಿದ್ದಪ್ಪ ಅದನ್ನು ಕೇಳಿಲ್ಲ.

ಏಪ್ರಿಲ್ 15, ಮಂಗಳವಾರ

ಆಫೀಸರು ಹಳೆಯ ರಿಜಿಸ್ಟರು ತೆರೆದು ಜನವರಿ ಹದಿನೆಂಟರ ಮೇಲೆ ಬೆರಳಿಟ್ಟರು. “ಇದು ನಿಮ್ಮ ಸಹಿಯೇ?”

“ಹೌದು ಸಾರ್. ಸಹಿ ನಂದು. ಎಣಿಕೆ ತಪ್ಪು. ಒಂಬತ್ತೇ ಸಿಡಿದವು.”

ಗವಿಸಿದ್ದಪ್ಪ ಕಿಟಕಿಯ ಕಡೆ ತಿರುಗಿದರು.

“ಮೂರು ತಿಂಗಳ ಹಿಂದಿನದು ಈಗ ಹೇಗೆ ಗೊತ್ತಾಯಿತು?”

“ನಾನು ಸದ್ದನ್ನು ಬಾಯಲ್ಲಿ ಎಣಿಸಲಿಲ್ಲ ಸಾರ್. ಕೈಯಲ್ಲಿ ಎಣಿಸಿದೆ. ಕೈಯಲ್ಲಿದ್ದದ್ದು ಒಂಬತ್ತು.”

ಇನ್ನೂ ಕೇಳಿದರು. ಕೈಯಲ್ಲಿ ಏನಿತ್ತು, ಯಾರು ಕೊಟ್ಟದ್ದು. ನನ್ನದೇ, ಎಣಿಸಿ ನೋಡದೆ ಇಟ್ಟುಕೊಂಡವನು ನಾನು ಎಂದೆ. ಆರೋಗ್ಯಮ್ಮನ ಹೆಸರು ಆ ಕಾಗದದ ಮೇಲೆ ಬರಲಿಲ್ಲ. ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟು ಸಹಿ ಮಾಡಿ ಬಂದೆ.

ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಆಫೀಸರಿಗೆ ಹೇಳುವುದು ಸುಲಭ. ಅವರಿಗೆ ಕಣ್ಣಿದೆ.

ಏಪ್ರಿಲ್ 17, ಗುರುವಾರ

ಪವಿತ್ರ ಗುರುವಾರ. ಆರೋಗ್ಯಮ್ಮ ಸಂಜೆಯ ಪೂಜೆಗೆ ಹೋದಳು. ನಾನು ಚಿತ್ತವಾಡ್ಗಿಗೆ.

ಕಾಲುವೆಗೆ ನೀರು ನಿಲ್ಲಿಸಿದ್ದಾರೆ. ಮೆಟ್ಟಿಲ ಕೆಳಗೆ ಬರೀ ಕೆಸರು. ಅವನು ಒಂದು ಮೆಟ್ಟಿಲು ಹೆಚ್ಚು ಇಳಿದ, ನಾನು ಬೇರೆ ಯೋಚನೆಯಲ್ಲಿದ್ದೆ, ಎರಡೂ ಕಾಲು ಮೊಣಕಾಲಿನವರೆಗೆ ಹೂತವು. ಎಳೆದು ಮೇಲೆ ಹತ್ತಿಸಿ ಮನೆಗೆ ಕರೆದುಕೊಂಡು ಬಂದೆ. ಭೀಮವ್ವ ಕೊಡದಲ್ಲಿ ನೀರು ತಂದಿಟ್ಟಳು. ತನಗೆ ಬೆರಳ ಸಂದಿ ಕಾಣುವುದಿಲ್ಲ ಎಂದು ಅವನು ನಕ್ಕ. ಕಟ್ಟೆಯ ಮೇಲೆ ಕೂರಿಸಿ ನಾನೇ ತೊಳೆದೆ. ಜಿಗುಟು ಮಣ್ಣು, ಬಿಡುತ್ತಿರಲಿಲ್ಲ. ಎಡಗಾಲು ಮುಗಿದು ಬಲಗಾಲು ಹಿಡಿದುಕೊಂಡಾಗ ಹೇಳಿದೆ. ಎಲ್ಲವನ್ನೂ. ಹಳೆಯ ಕುಳಿಯಲ್ಲ, ನನ್ನ ಕುಳಿ.

ಕಾಲು ಎಳೆದುಕೊಂಡ.

“ಯಾವಾಗ ಗೊತ್ತಾತು?”

“ಮೂರು ವಾರ ಆತು.”

“ಮಾಲಿ ನೋಡಿದ್ನಲ್ಲ, ಅವತ್ತು.”

“ಹೂಂ.”

“ನಾನs ಎಣಿಸಿ ಹೇಳಿದೆ ನಿಂಗ.” ಅವನ ಮುಖ ನನ್ನ ಕಡೆ ಇರಲಿಲ್ಲ, ನನ್ನ ಎಡಗಡೆಯ ಗೋಡೆಯ ಕಡೆ ಇತ್ತು. “ನಗಾಕತ್ತಿದ್ದೆ ನಾನು.”

ಇಷ್ಟು ದಿನ ನನಗೆ ‘ರಿ’ ಹಚ್ಚದೆ ಮಾತಾಡಿದವನಲ್ಲ.

“ಮೂರು ವಾರ ನನ್ ಜೋಡಿ ಕುಂತು ಮಂಡಕ್ಕಿ ತಿಂದಿ. ನನ್ ಹೆಗಲ ಮ್ಯಾಲೆ ಕೈ ಹಾಕಿ ಎಣಿಸಿದಿ. ಒಂದು, ಎರಡು, ಮೂರು. ಯಪ್ಪಾ, ಎಷ್ಟು ಚಂದ ಎಣಸ್ತಿದ್ದೀ.”

ಭೀಮವ್ವ ಬಾಗಿಲಲ್ಲಿ ನಿಂತಿದ್ದಳು. ನೀರಿನ ಕೊಡವನ್ನು ಎತ್ತಿಕೊಂಡು ಒಳಗೆ ಹೋದಳು.

“ಹೋಗು” ಎಂದ ಹುಲುಗೇಶ್. “ಇನ್ನೊಮ್ಮಿ ಬಂದ್ರ ಕಲ್ಲು ಒಗೀತೀನಿ. ಕಾಣೂದಿಲ್ಲ ಅನಬ್ಯಾಡ, ನಿನ್ನ ಸದ್ದಿಗೆ ಒಗೀತೀನಿ.”

ಅವನ ಬಲಗಾಲು ಇನ್ನೂ ಕೆಸರಲ್ಲೇ ಇತ್ತು.

ಏಪ್ರಿಲ್ 18, ಶುಕ್ರವಾರ

ಶುಭ ಶುಕ್ರವಾರ. ನಿಲ್ಲಿಸಬೇಡಿ ಎಂದಿದ್ದರು ಫಾದರ್. ಹೋದೆ. ಬಾಗಿಲು ಮುಚ್ಚಿತ್ತು. ಕಂಬದ ಹತ್ತಿರ ಬಿಸಿಲಿನಲ್ಲಿ ಮೂರು ಗಂಟೆಯವರೆಗೆ ನಿಂತು ಬಂದೆ.

ನೀನೂ ಏನೂ ಹೇಳಲಿಲ್ಲ. ಸರಿ. ನಿಂತುಕೊಂಡಿದ್ದೆ ಎಂಬುದಾದರೂ ಗೊತ್ತಿರಲಿ ನಿನಗೆ.

ಏಪ್ರಿಲ್ 19, ಶನಿವಾರ

ಇವತ್ತೂ ಹೋಗಿದ್ದೆ. ಬಾಗಿಲು ತೆರೆದಿತ್ತು, ಯಾರೂ ಹೊರಗೆ ಬರಲಿಲ್ಲ. ಕಲ್ಲೂ ಬರಲಿಲ್ಲ.

ಮನೆಗೆ ಬಂದರೆ ಆರೋಗ್ಯಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಮುಂದೆ ಒಂದು ಬೆಂಕಿಪೊಟ್ಟಣ. ಗವಿಸಿದ್ದಪ್ಪನ ಹೆಂಡತಿ ಫೋನ್ ಮಾಡಿದ್ದಳಂತೆ. ನಾನು ವಿಚಾರಣೆಯಲ್ಲಿ ಹೇಳಿದ್ದು, ಕೈಯಲ್ಲಿದ್ದದ್ದು ಒಂಬತ್ತು ಎಂದದ್ದು, ಎಲ್ಲ ತಿಳಿದಿದೆ. ಉಳಿದದ್ದನ್ನು ಅವಳೇ ಕೂಡಿಸಿಕೊಂಡಿದ್ದಾಳೆ.

ಪೊಟ್ಟಣ ತೆರೆದು ತೋರಿಸಿದಳು. ಕಂದು ಬಣ್ಣದ ಒಂದು ಮಣಿ.

“ಅಕ್ಕಿ ಡ್ರಮ್ಮಿನ ಹಿಂದ ಇತ್ತು. ಇವತ್ತು ಡ್ರಮ್ಮು ಎಳೆದು ಹುಡುಕಿದೆ. ಅವತ್ತು ಎಳೀಲಿಲ್ಲ ನಾನು. ಸೊಂಟ ನೋಯ್ತಿತ್ತು. ಒಂದು ಡ್ರಮ್ಮು ಎಳೆದಿದ್ರ…”

ಕೂಗಾಡಬೇಕೆಂದುಕೊಂಡೆ. ಬಾಯಿಗೆ ಬಂದದ್ದು ಬೇರೆ.

“ಒಂದು ಮಣಿ ತಾನ. ಏಳು.”

ಅವಳು ಏಳಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಒಲೆಯ ಮೇಲೆ ಬೇಳೆ ಸೀದುಹೋಯಿತು. ಅದನ್ನೇ ಇಬ್ಬರೂ ತಿಂದೆವು.

ಏಪ್ರಿಲ್ 20, ಭಾನುವಾರ

ಪಾಸ್ಖ, ಈಸ್ಟರ್ ಹಬ್ಬ. ಬೆಳಿಗ್ಗೆ ಆರೋಗ್ಯಮ್ಮನ ಜೊತೆ ಪೂಜೆಗೆ ಹೋದೆ. ಎದ್ದೆ, ಕೂತೆ, ಎಲ್ಲರ ಜೊತೆ ಹೇಳಬೇಕಾದ್ದನ್ನು ಹೇಳಿದೆ. ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತೆ. ಫಾದರ್ ನನ್ನ ಮುಖ ನೋಡಲಿಲ್ಲ, ಕೈಯಲ್ಲಿಟ್ಟರು. ಸಿಟ್ಟು ಹಾಗೇ ಇದೆ. ಅದನ್ನು ಜೊತೆಗೆ ತಂದಿದ್ದೇನೆ ಎಂದು ನಿನಗೆ ಹೇಳಿಯೇ ತಿಂದೆ.

ಸಂಜೆ ಚಿತ್ತವಾಡ್ಗಿ. ಭೀಮವ್ವ ಹೊರಗೆ ಅಕ್ಕಿ ಆರಿಸುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಮೊರವನ್ನು ಸ್ವಲ್ಪ ಸರಿಸಿದಳು, ಕಾಲು ಹಾಕುವಷ್ಟು ಜಾಗವಾಯಿತು.

ಹುಲುಗೇಶ್ ಹೊಸ್ತಿಲಲ್ಲಿ ನಿಂತಿದ್ದ.

“ನಿನ್ನಿ ಬಂದಿದ್ದೀ. ಮೊನ್ನಿನೂ ಬಂದಿದ್ದೀ. ಚಪ್ಲಿ ಸದ್ದು ಗೊತ್ತಾಗ್ತೈತಿ ನಂಗ.”

“ಹೂಂ.”

“ಕಲ್ಲು ಹುಡುಕಿದೆ. ಅವ್ವ ಅಂಗಳಾ ಹಸನಾಗಿ ಗುಡಿಸಿಬಿಟ್ಟಾಳ.”

ನಾನು ಒಂದು ಹೆಜ್ಜೆ ಮುಂದೆ ಬಂದೆ.

“ಆಫೀಸರನ ಮುಂದ ಹೇಳಿದಿಯಂತಲ್ಲ. ಗವಿಸಿದ್ದಪ್ಪ ಅದರ ನಕಲು ತಗೊಂಡು ಬಂದಿದ್ದ. ನಾ ಹಳೆ ಕುಳಿಗೆ ಹಚ್ಚಿಲ್ಲ ಅಂತ ಕಾಗದದ ಮ್ಯಾಲೆ ಬರದಾರಂತ. ಅವ್ವಗ ಎರಡು ಸಲ ಓದಿಸಿದೆ ಅವನ ಕಡಿಂದ.” ಬಾಗಿಲ ಚೌಕಟ್ಟನ್ನು ಉಗುರಲ್ಲಿ ಕೆರೆದ. “ನಿನ್ನ ಮ್ಯಾಲಿನ ಸಿಟ್ಟು ಹೋಗಂಗಿಲ್ಲ. ಕೇಳಾಕತ್ತೀಯಾ?”

“ಕೇಳಾಕತ್ತೀನಿ.”

“ಮುಂದಿನ ವಾರ ಬಸ್ ಸ್ಟ್ಯಾಂಡಿನವರೆಗೂ ಕಲೀಬೇಕು ನಾನು. ಎರಡು ರೋಡು ದಾಟಬೇಕು, ಅವ್ವನ ಕೈಲಿ ಆಗೂದಿಲ್ಲ. ಕೆಲಸ ಹೆಂಗೂ ಇಲ್ಲಲ್ಲ ನಿಂಗ. ಬಾ ದಿನಾ.”

“ಬರ್ತೀನಿ.” ಅಭ್ಯಾಸದಂತೆ ಅವನ ಹೆಗಲಿಗೆ ಕೈ ಹಾಕಿದೆ. “ಒಂದು” ಎಂದೆ.

ಕೈಯನ್ನು ಕಿತ್ತು ತೆಗೆದ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವನು ನನ್ನ ಮೊಣಕೈ ತಡಕಾಡಿ ಹಿಡಿದುಕೊಂಡ, ಬಿಗಿಯಾಗಿ, ನೋಯುವಷ್ಟು.

“ಬಾಯಿ ಮುಚ್ಚು. ನೀ ಎಣಿಸಬ್ಯಾಡ ಇನ್ಮ್ಯಾಲೆ. ಎಣಿಸೂದು ನಂದು. ನೀ ನಡಿ.”

ನಡೆದೆ. ಅವನು ಗಟ್ಟಿಯಾಗಿ ಎಣಿಸುತ್ತ ಬಂದ, ಬೀದಿಗೆಲ್ಲ ಕೇಳುವ ಹಾಗೆ, ಒಂದೊಂದು ಅಂಕಿಯನ್ನೂ ನನ್ನ ಮೇಲೆ ಎಸೆದ ಹಾಗೆ. ಕಂಬ ದಾಟಿತು. ತಿರುವು ದಾಟಿತು. ನಾನು ಎಣಿಸಲಿಲ್ಲ. ಎಷ್ಟಾದವೋ ನನಗೆ ಗೊತ್ತಿಲ್ಲ. ನೀನೂ ಅಲ್ಲೇ ಇದ್ದೆ, ಬೇಕಾದರೆ ಅವನನ್ನು ಕೇಳು.